ನೋಟಿಸ್ ಬೋರ್ಡಿಗೆ ಏರದ ಕಾಗದ

ನಮಿತಾ, ಆ ದಿನ ನಾನು ನಿನಗೆ ಸುಳ್ಳು ಹೇಳಿದೆ. ಐಟಿಐಗೆ ಅರ್ಜಿ ಹಾಕುವ ಕೊನೆಯ ದಿನ ಮುಗಿದಿರಲಿಲ್ಲ. ಇನ್ನೂ ಆರು ದಿನ ಇತ್ತು. ನೀನು ಇವತ್ತಿನವರೆಗೆ ನಂಬಿರುವ ಹಾಗೆ ನೋಟಿಸ್ ನಮ್ಮ ಶಾಲೆಗೆ ತಡವಾಗಿ ಬಂದದ್ದೂ ಅಲ್ಲ. ಬಂದು ಮೂರು ದಿನವಾಗಿತ್ತು. ನನ್ನ ಮೇಜಿನ ಡ್ರಾಯರಿನಲ್ಲಿ, ಹಾಜರಿ ಪುಸ್ತಕದ ಕೆಳಗೆ, ನಾನೇ ಇಟ್ಟಿದ್ದೆ. ನೀನು ಬಂದು ಕೇಳಿದಾಗ ನನ್ನ ಮೊಣಕೈ ಆ ಮೇಜಿನ ಮೇಲೆಯೇ ಇತ್ತು.

ಇಷ್ಟು ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ. ಅದರಲ್ಲಿ ಎಷ್ಟೋ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಹೇಳದಿದ್ದರೆ ನಾನು ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ — ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಮಾತು ತಿರುಗಿಸುವುದು ಕಷ್ಟವಲ್ಲ.

ನಮ್ಮ ಶಾಲೆ ಹೇಗಿತ್ತು ನೆನಪಿದೆಯಲ್ಲ. ಕಾರಡ್ಕದಿಂದ ಒಳಗೆ ಬರುವ ಬಸ್ಸು ತಿರುಗಿ ನಿಲ್ಲುವ ಜಾಗ, ಅದರ ಎದುರು ಕನ್ನಡ ಮಾಧ್ಯಮದ ಹೈಸ್ಕೂಲು. ನಮ್ಮದು ಗಡಿನಾಡು; ಮಕ್ಕಳ ಮನೆಮಾತು ತುಳು, ಕಲಿಯುವುದು ಕನ್ನಡ, ಸರಕಾರದಿಂದ ಬರುವ ಕಾಗದಗಳೆಲ್ಲ ಮಲಯಾಳ. ನಿಮ್ಮ ಕಾಲದ ಮಕ್ಕಳಿಗೆ ಮಲಯಾಳ ಓದಲು ಬರುತ್ತಿರಲಿಲ್ಲ, ನಿಮ್ಮ ಅಪ್ಪ ಅಮ್ಮಂದಿರಿಗಂತೂ ಇಲ್ಲವೇ ಇಲ್ಲ. ಹತ್ತನೆಯ ತರಗತಿ ಮುಗಿಸಿದವರಿಗೆ ಮುಂದಿನ ದಾರಿ ಹೇಳಿಕೊಡುವ ಕೆಲಸ ನನ್ನದಾಗಿತ್ತು. ಶಾಲೆಯ ಕಡತದಲ್ಲಿ ಅದಕ್ಕೆ ಕೆರಿಯರ್ ಗೈಡ್ ಎಂದು ಹೆಸರು. ನಿಜದಲ್ಲಿ ಆ ಕೆಲಸದ ಮುಕ್ಕಾಲು ಪಾಲು ಅನುವಾದ. ಪ್ಲಸ್ ವನ್, ಪಾಲಿಟೆಕ್ನಿಕ್, ನರ್ಸಿಂಗ್, ಐಟಿಐ — ಯಾವ ನೋಟಿಸ್ ಬಂದರೂ ನಾನು ಕೂತು ಬಿಳಿ ಹಾಳೆಯಲ್ಲಿ ನೀಲಿ ಶಾಯಿಯಿಂದ ಕನ್ನಡದಲ್ಲಿ ಬರೆದು, ಆಫೀಸು ಕೋಣೆಯ ಹೊರಗಿನ ಬೋರ್ಡಿಗೆ ಚುಚ್ಚುತ್ತಿದ್ದೆ. ಮೂಲ ಕಾಗದ ಅದರ ಹಿಂದೆ.

ಮಕ್ಕಳು ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡು ಮನೆಗೆ ಒಯ್ದು ಓದಿ ಹೇಳುತ್ತಿದ್ದರು. ಅಡೂರಿನ ಕಡೆಯಿಂದ ಬರುವ ತಂದೆಯೊಬ್ಬರು ಒಮ್ಮೆ ನನಗೇ ಹೇಳಿದ್ದುಂಟು: "ಮಾಷ್ಟ್ರ ಬೋರ್ಡಲ್ಲಿ ಇದ್ರೆ ಉಂಟು, ಇಲ್ಲದಿದ್ರೆ ಇಲ್ಲ. ನಮ್ಗೆ ಅಷ್ಟೇ ಗೊತ್ತಿರುದು." ಆ ಮಾತು ಕೇಳಿ ನಾನು ಎಷ್ಟು ಉಬ್ಬಿದ್ದೆ ಎಂದರೆ ಹೆಂಡತಿಗೆ ಎರಡು ಸಲ ಹೇಳಿದ್ದೆ. ಅದರಲ್ಲಿ ಹೆದರಬೇಕಾದ ಸಂಗತಿಯೊಂದು ಇದೆ ಎಂದು ಆಗ ಹೊಳೆಯಲಿಲ್ಲ.

ನಿನ್ನನ್ನು ನಾನು ಸರಿಯಾಗಿ ಗಮನಿಸಿದ್ದು ನೀನು ಒಂಬತ್ತನೆಯಲ್ಲಿದ್ದಾಗ. ಶಾಲೆಯ ಆಟದ ಮೈದಾನಕ್ಕೂ ಪಕ್ಕದ ಗೇರು ತೋಟಕ್ಕೂ ಗಡಿಯ ತಕರಾರು ಎದ್ದು, ಅಳತೆಗೆ ಸರ್ವೆಯವರು ಬಂದಿದ್ದರು. ಟೇಪಿನ ತುದಿ ಹಿಡಿಯಲು ನಾಲ್ಕು ಮಕ್ಕಳು ಬೇಕೆಂದರು. ನಾನು ಕಳಿಸಿದವರಲ್ಲಿ ನೀನೊಬ್ಬಳು. ಮೂರು ಮೂಲೆಯ ಗಡಿಕಲ್ಲು ಸಿಕ್ಕಿತು, ನಾಲ್ಕನೆಯದು ಸಿಗಲಿಲ್ಲ. ಅವರು ಗೇರು ಮರಗಳ ಬುಡದಲ್ಲಿ ಹಾರೆ ಹಾಕಿ ಹಾಕಿ ಸುಸ್ತಾದರು. ನೀನು ಮಾತ್ರ ಅವರ ಕೈಯಲ್ಲಿದ್ದ ನಕ್ಷೆಯನ್ನು ಪಕ್ಕದಿಂದ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಆಮೇಲೆ ಹತ್ತಿರದ ಕಲ್ಲಿನಿಂದ ಹೆಜ್ಜೆ ಎಣಿಸುತ್ತ ನಡೆದು, ನಮ್ಮ ನೀರಿನ ಟ್ಯಾಂಕಿಯ ಹತ್ತಿರ ನಿಂತು ನನಗೆ ಹೇಳಿದೆ:

"ಸರ್, ಕಲ್ಲು ಗೇರಿನ ಬುಡದಲ್ಲಿ ಅಲ್ಲ. ಈ ಟ್ಯಾಂಕಿಯ ಕಟ್ಟೆಯ ಅಡಿಯಲ್ಲಿ ಇರ್ಬೇಕು. ಟ್ಯಾಂಕಿ ಕಟ್ಟುವಾಗ ಯಾರೂ ನೋಡ್ಲಿಲ್ಲ ಕಾಣ್ತದೆ."

ಕಟ್ಟೆಯ ಬದಿಯಲ್ಲಿ ಅಗೆದರು. ಕಲ್ಲು ಅಲ್ಲಿಯೇ ಇತ್ತು. ಸರ್ವೆಯವರಲ್ಲಿ ಹಿರಿಯರೊಬ್ಬರು, ಪಯ್ಯನ್ನೂರು ಕಡೆಯ ಮಲಯಾಳಿ, ನಗುತ್ತ ತಮ್ಮ ಅರೆಬರೆ ಕನ್ನಡದಲ್ಲಿ, "ಮಾಷೆ, ಈ ಕುಟ್ಟಿಯನ್ನು ನಮ್ಮ ಡಿಪಾರ್ಟ್‌ಮೆಂಟಿಗೆ ಕೊಡಿ" ಎಂದರು. ಇದು ಹೇಗೆ ಬಂತು ಎಂದು ನಾನು ಕೇಳಿದಾಗ ನೀನು, ಅಪ್ಪ ಕೆಂಪುಕಲ್ಲು ಕಡಿಯುವ ಕೋರೆಯಲ್ಲಿ ನೂಲು ಹಿಡಿದು ಗೆರೆ ಹಾಕುವುದನ್ನು ಸಣ್ಣದರಿಂದ ನೋಡಿದ್ದೇನೆ ಸರ್, ಅಷ್ಟೇ, ಎಂದೆ. ಹದಿನಾಲ್ಕು ವರ್ಷದ ಹುಡುಗಿ! ಇದನ್ನು ಯಾಕೆ ಬರೆದೆನೆಂದರೆ — ನಿನ್ನ ದಾರಿ ಯಾವುದೆಂದು ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ನಿನಗಿಂತ ಮೊದಲು ನನಗೇ ಗೊತ್ತಿತ್ತು.

ಮರುವರ್ಷ ಹತ್ತನೆಯ ಫಲಿತಾಂಶ ಬಂತು. ನಿನಗೆ ಎಲ್ಲ ವಿಷಯಗಳಲ್ಲೂ ಎ ಪ್ಲಸ್. ನಮ್ಮ ಶಾಲೆಯಲ್ಲಿ ಎಷ್ಟೋ ವರ್ಷಗಳ ನಂತರ. ಬಸ್ಸು ತಿರುಗುವಲ್ಲಿ ನಿನ್ನ ಫೋಟೋದ ಫ್ಲೆಕ್ಸ್ ಕಟ್ಟಿಸಿದವನು ನಾನು. ಆ ಸಮಯದಲ್ಲಿ ನಮಗೆ ಒಂದು ಚಿಂತೆ ಇತ್ತು. ವರ್ಷ ವರ್ಷ ಮಕ್ಕಳು ಕಡಿಮೆಯಾಗುತ್ತಿದ್ದರು. ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ನಮ್ಮ ಗೇಟಿನ ಎದುರೇ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಇನ್ನಷ್ಟು ಮಕ್ಕಳು ಹೋದರೆ ತರಗತಿಯ ಒಂದು ಡಿವಿಷನ್ ಹೋಗುತ್ತದೆ, ಡಿವಿಷನಿನ ಜೊತೆ ಒಬ್ಬ ಮಾಷ್ಟ್ರೂ ಹೋಗಬೇಕಾಗುತ್ತದೆ. ಕನ್ನಡದಲ್ಲಿ ಕಲಿತರೆ ಎಲ್ಲಿಗೆ ಮುಟ್ಟುತ್ತಾರೆ ಎಂದು ಜನ ಕೇಳುತ್ತಿದ್ದರು. ನನ್ನ ಕೈಯಲ್ಲಿ ಒಂದು ಉತ್ತರ ಸಿಕ್ಕಿತ್ತು. ಆ ಉತ್ತರ ನೀನು. ಪ್ಲಸ್ ಟು ಸಯನ್ಸ್, ಆಮೇಲೆ ಡಾಕ್ಟರೋ ಇಂಜಿನಿಯರೋ — ಏಳೆಂಟು ವರ್ಷಗಳ ಮುಂದಿನ ಫ್ಲೆಕ್ಸನ್ನೂ ನಾನು ಮನಸ್ಸಿನಲ್ಲಿ ಕಟ್ಟಿಸಿಯಾಗಿತ್ತು.

ಆ ವಾರವೇ ಐಟಿಐ ನೋಟಿಸ್ ಬಂತು. ಟ್ರೇಡುಗಳ ಪಟ್ಟಿಯಲ್ಲಿ ಸರ್ವೇಯರ್ ಇತ್ತು. ನಾನು ಬಿಳಿ ಹಾಳೆ ತೆಗೆದೆ, ಪೆನ್ನಿನ ಮುಚ್ಚಳ ತೆಗೆದೆ — ಬರೆಯಲಿಲ್ಲ. ಬೋರ್ಡಿನಲ್ಲಿ ಇದನ್ನು ಮೊದಲು ಓದುವವಳು ನೀನೇ ಎಂದು ಗೊತ್ತಿತ್ತು. ಎಲ್ಲದರಲ್ಲೂ ಎ ಪ್ಲಸ್ ಬಂದ ಹುಡುಗಿ ಐಟಿಐಗೆ ಹೋದಳಂತೆ, ನೋಡಿ ಕನ್ನಡ ಮೀಡಿಯಂ — ಎಂಬ ಮಾತು ಆಗಲೇ ಕಿವಿಯಲ್ಲಿ ಕೇಳಿಸಿತು. ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದೆ. ಅಷ್ಟು ವರ್ಷಗಳಲ್ಲಿ ನಾನು ಅನುವಾದಿಸದೆ ಬಿಟ್ಟ ಕಾಗದ ಅದೊಂದೇ. ಆ ವರ್ಷ ಐಟಿಐಗೆ ಹೋಗಬಹುದಾಗಿದ್ದ ಬೇರೆ ಮಕ್ಕಳೂ ಇದ್ದರು. ಅವರೂ ಆ ದಾರಿ ಕಾಣಲಿಲ್ಲ. ಅವರ ಲೆಕ್ಕವೂ ನನ್ನ ತಲೆಯ ಮೇಲೆಯೇ ಇದೆ.

ಮೂರನೆಯ ದಿನ ನೀನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೆ.

"ಸರ್, ಐಟಿಐಯ ನೋಟಿಸ್ ಬಂದಿದ್ಯಾ? ಅದರಲ್ಲಿ ಸರ್ವೇಯರ್ ಅಂತ ಒಂದು ಉಂಟಂತೆ."

"ಅದರ ಕೊನೆಯ ದಿನ ಮುಗಿಯಿತಲ್ಲ ನಮಿತಾ. ಈ ಸಲ ನಮಗೆ ಬಂದದ್ದೇ ತಡ."

ನೀನು, "ಹೌದಾ ಸರ್... ಪರ್ವಾಗಿಲ್ಲ. ನೀವು ನೋಡಿದ್ರಲ್ಲ, ಸಾಕು" ಎಂದೆ. ನಾನು ನಿನಗಾಗಿ ಹುಡುಕಿದ್ದೇನೆ ಎಂದು ಭಾವಿಸಿ ನೀನು ನನಗೇ ಸಮಾಧಾನ ಹೇಳಿದೆ. ಆ ಗಳಿಗೆಯಲ್ಲೂ ಡ್ರಾಯರ್ ಎಳೆಯಬಹುದಿತ್ತು. ನಾನು ಎಳೆದದ್ದು ಕುರ್ಚಿಯನ್ನು — ಕೂತುಕೋ, ಪ್ಲಸ್ ವನ್ ಅರ್ಜಿ ಈಗಲೇ ತುಂಬಿಸೋಣ ಎಂದೆ. ಮೊದಲ ಆಯ್ಕೆಯಾಗಿ ಪೇಟೆಯ ಶಾಲೆಯ ಸಯನ್ಸ್ ಬರೆದೆ. ನೀನು ಸಹಿ ಹಾಕಿದೆ. ಮೊದಲ ಪಟ್ಟಿಯಲ್ಲೇ ಸೀಟು ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದು.

ಆ ಶಾಲೆಯಲ್ಲಿ ಪುಸ್ತಕ ಇಂಗ್ಲಿಷಿನಲ್ಲಿ, ವಿವರಿಸುವುದು ಮಲಯಾಳದಲ್ಲಿ. ಇದು ನನಗೆ ಗೊತ್ತಿರದ ಸಂಗತಿಯೇ? ಬುದ್ಧಿವಂತೆ, ಸುಧಾರಿಸಿಕೊಳ್ಳುತ್ತಾಳೆ ಎಂದುಕೊಂಡೆ. ಓಣಂ ರಜೆಯ ಹೊತ್ತಿಗೆ ನಿನ್ನ ಅಪ್ಪ ಐತ್ತಪ್ಪಣ್ಣ ಶಾಲೆಗೆ ಬಂದರು. ಕೋರೆಯಿಂದ ನೇರ ಬಂದಿದ್ದರು, ಹುಬ್ಬಿನವರೆಗೂ ಕೆಂಪು ಧೂಳು. ಕುರ್ಚಿ ಕೊಟ್ಟರೆ ಕೊಳೆಯಾಗುತ್ತದೆ ಎಂದು ಕೂರಲಿಲ್ಲ.

"ಮಾಷ್ಟ್ರೇ, ಹುಡುಗಿ ಮಾತೇ ಆಡುದಿಲ್ಲ ಈಗ. ಮೊದ್ಲು ಮನೆಗೆ ಬಂದು ಎಂತೆಲ್ಲ ಹೇಳ್ತಿತ್ತು. ಬರುವ ವರ್ಷ ಆ ಅಳತೆಯ ಕೋರ್ಸಿಗೆ ಸೇರಿಸ್ಲಿಕ್ಕೆ ಆಗ್ತದಾ?"

ಆಗುತ್ತಿತ್ತು. ಖಂಡಿತ ಆಗುತ್ತಿತ್ತು. ಅದು ನನಗೆ ದೇವರು ಕೊಟ್ಟ ಎರಡನೆಯ ಅವಕಾಶ. ನಾನು ಹೇಳಿದ್ದು, "ನಡುವಲ್ಲಿ ಬಿಡಿಸಿದ್ರೆ ಹುಡುಗಿಯ ಭವಿಷ್ಯ ಹಾಳು ಐತ್ತಪ್ಪಣ್ಣ. ಸುರುವಿಗೆ ಎಲ್ಲರಿಗೂ ಹಾಗೇ." ಅವರು ತಲೆಯಾಡಿಸಿದರು. "ನೀವು ಹೇಳಿದ ಮೇಲೆ ಮುಗೀತು" ಎಂದು, ನನಗೆ ಕೈ ಮುಗಿದು ಹೋದರು. ಮೊದಲನೆಯ ಸುಳ್ಳನ್ನು ನಾನು ಅವಸರದಲ್ಲಿ ಹೇಳಿದೆ ಎಂದಾದರೂ ಹೇಳಬಹುದೇನೋ. ಇದನ್ನು ಯೋಚಿಸಿಯೇ ಹೇಳಿದೆ.

ಪ್ಲಸ್ ಟುವಿನಲ್ಲಿ ನೀನು ಎರಡು ವಿಷಯಗಳಲ್ಲಿ ಫೇಲಾದೆ. ಫ್ಲೆಕ್ಸಿನಲ್ಲಿ ನಕ್ಕಿದ್ದ ಹುಡುಗಿ ವಿದ್ಯಾನಗರದಲ್ಲಿ ಕಲೆಕ್ಟರೇಟಿನ ಎದುರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಎಂದು ಯಾರೋ ಹೇಳಿದಾಗ ನಾನು ಏನು ಮಾಡಿದೆ ಗೊತ್ತೇ — ಮಕ್ಕಳು ಪೇಟೆಗೆ ಹೋದ ಮೇಲೆ ಓದುವುದಿಲ್ಲ ಎಂದೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಎದುರು. ಯಾರೂ ನನ್ನ ಮೇಲೆ ಅನುಮಾನ ಪಟ್ಟಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಬಾಯಿ ಹಾಕಿದೆ.

ಆಮೇಲಿನದನ್ನು ನಾನು ಬೇರೆಯವರ ಬಾಯಿಂದ ಚೂರು ಚೂರಾಗಿ ಕೇಳಿದ್ದು. ಕಲೆಕ್ಟರೇಟಿಗೆ ಬರುವ ಜನ ಕೊಡುವ ಅರ್ಜಿ ನಮೂನೆಗಳನ್ನು ಪ್ರತಿ ತೆಗೆಯುತ್ತ ತೆಗೆಯುತ್ತ ನೀನು ಮಲಯಾಳ ಅಕ್ಷರ ಕಲಿತೆಯಂತೆ. ಹೆಸರು, ವಿಳಾಸ, ತಂದೆಯ ಹೆಸರು — ಎಲ್ಲ ಅರ್ಜಿಯಲ್ಲೂ ಅದೇ ಪದಗಳು ಒಂದೇ ಜಾಗದಲ್ಲಿ ಬರುತ್ತವಲ್ಲ, ಅದನ್ನು ಹಿಡಿದುಕೊಂಡು. ಬಸ್ಸಿನ ಬೋರ್ಡು, ಹಳೆಯ ಪೇಪರು, ಗೋಡೆಯ ಬರಹ. ಆರು ತಿಂಗಳಲ್ಲಿ ಮುದುಕರ ಅರ್ಜಿ ನೀನೇ ತುಂಬಿಸಿ ಕೊಡುತ್ತಿದ್ದೆಯಂತೆ. ಮುಂದಿನ ವರ್ಷ ಐಟಿಐ ನೋಟಿಸ್ ಪ್ರತಿ ತೆಗೆಯಲು ಅದೇ ಅಂಗಡಿಗೆ ಬಂತು. ಅದನ್ನು ಬೇರೆ ಯಾರೂ ನಿನಗೆ ಓದಿ ಹೇಳಬೇಕಾಗಿರಲಿಲ್ಲ. ನೀನೇ ಓದಿದೆ, ನೀನೇ ಅರ್ಜಿ ಹಾಕಿದೆ, ಸರ್ವೇಯರ್ ಟ್ರೇಡಿಗೆ ಸೇರಿದೆ. ನಾನು ಮುಚ್ಚಿದ ಬಾಗಿಲನ್ನು ನೀನು ಯಾರನ್ನೂ ಬೈಯದೆ, ಅಕ್ಷರ ಅಕ್ಷರ ಕಲಿತು ತೆರೆದೆ. ಇದನ್ನು ಕೇಳಿದಾಗ ನನಗೆ ಸಂತೋಷವಾಯಿತು. ನಿಜವಾಗಿ ಆಯಿತು.

ಐಟಿಐ ಮುಗಿಸಿ, ಸರಕಾರಿ ಸರ್ವೇಯರ್ ಹುದ್ದೆಯ ಪಿಎಸ್‌ಸಿ ಪರೀಕ್ಷೆ ಬರೆದು ನೀನು ರ‍್ಯಾಂಕ್ ಪಟ್ಟಿಯಲ್ಲಿ ಬಂದೆ. ನೇಮಕದ ಕಾಗದ ಬರುವುದಕ್ಕೆ ಒಂದು ವರ್ಷ ಮೊದಲು ಐತ್ತಪ್ಪಣ್ಣ ತೀರಿಕೊಂಡರು. ಕೋರೆಯ ಧೂಳು ಶ್ವಾಸಕೋಶದಲ್ಲಿ ಕೂತಿತ್ತು ಎಂದರು. ಮನೆಗೆ ಬಂದವನಿಗೆ ನಿನ್ನ ಅಮ್ಮ ಸುಂದರಿಯಕ್ಕ ಹೇಳಿದ ಮಾತು: "ಮಗಳು ಜಾಗ ಅಳೆಯುದನ್ನು ಒಂದು ಸಲ ನೋಡ್ಬೇಕು ಅಂತ ಇದ್ರು ಮಾಷ್ಟ್ರೇ. ಅಷ್ಟೇ ಒಂದು ಆಸೆ." ನಾನು ಅಲ್ಲಿಯೇ ಬೆರಳು ಮಡಚಿ ಲೆಕ್ಕ ಹಾಕಿದೆ. ಪ್ಲಸ್ ವನ್, ಪ್ಲಸ್ ಟು, ಅಂಗಡಿಯ ಒಂದು ವರ್ಷ. ಮೂರು ವರ್ಷ. ಹತ್ತನೆಯ ಬೆನ್ನಿಗೇ ನೀನು ಐಟಿಐಗೆ ಹೋಗಿದ್ದರೆ ಐತ್ತಪ್ಪಣ್ಣ ಅದನ್ನು ನೋಡಿಯೇ ಹೋಗುತ್ತಿದ್ದರೇನೋ. ಈ 'ಏನೋ' ಎಂಬುದರ ಹಿಂದೆ ಅಡಗಿಕೊಳ್ಳಲು ನಾನು ಎಷ್ಟು ಪ್ರಯತ್ನಿಸಿದ್ದೇನೆಂದು ನನಗೆ ಮಾತ್ರ ಗೊತ್ತು.

ಎರಡು ವರ್ಷದ ಹಿಂದೆ ನನ್ನ ಹೆಂಡತಿಯ ತವರಿನ ಜಾಗದ ಕೆಲಸಕ್ಕೆ ನಿನ್ನ ಆಫೀಸಿಗೆ ಬಂದೆನಲ್ಲ. ನೀನು ನನ್ನನ್ನು ಕಾಣುವ ಮೊದಲು ಅರ್ಧ ಗಂಟೆ ನಾನು ಬಾಗಿಲ ಹೊರಗಿನಿಂದ ನಿನ್ನನ್ನು ನೋಡುತ್ತಿದ್ದೆ. ಒಬ್ಬ ಅಜ್ಜ ಪ್ಲಾಸ್ಟಿಕ್ ಚೀಲದಿಂದ ಹಳೆಯ ದಾಖಲೆ ತೆಗೆದರು — ನಮ್ಮ ಊರು ಮದ್ರಾಸಿಗೆ ಸೇರಿದ್ದ ಕಾಲದ ಕನ್ನಡ ಬರಹ, ಕಾಗೆಕಾಲು ಗುಬ್ಬಿಕಾಲು. ಪಕ್ಕದ ಮೇಜಿನವರು ಅದನ್ನು ಕಂಡು ಕೈಚೆಲ್ಲಿ ನಿನ್ನ ಕಡೆ ಕಳಿಸಿದ್ದರು. ನೀನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಈಗಿನ ಮಲಯಾಳ ಕಾಗದವನ್ನೂ ಓದಿ ತುಳುವಿನಲ್ಲಿ ವಿವರಿಸಿದೆ. ಅದರಲ್ಲಿ ಅವರಿಗೆ ಅನುಕೂಲವಿಲ್ಲದ ಒಂದು ಸಾಲು ಇತ್ತು. ಅದನ್ನು ನೀನು ಹಾರಿಸಲಿಲ್ಲ. ಎರಡು ಸಲ ಹೇಳಿದೆ. "ಅಜ್ಜ, ಕಾಗದದಲ್ಲಿ ಇರುದನ್ನು ಎಲ್ಲ ಹೇಳಿದ್ದೇನೆ. ಎಂತ ಮಾಡ್ಬೇಕು ಅಂತ ನೀವೇ ಯೋಚ್ನೆ ಮಾಡಿ, ಮನೆಯಲ್ಲಿ ಕೇಳಿ, ನಾಡಿದ್ದು ಬಂದ್ರೂ ಸಾಕು" ಎಂದೆ.

ನನ್ನ ಕೆಲಸ ಹೇಗೆ ಮಾಡಬೇಕಾಗಿತ್ತು ಎಂದು ನನಗೆ ಯಾರೂ ಇದಕ್ಕಿಂತ ಚೆನ್ನಾಗಿ ತೋರಿಸಿರಲಿಲ್ಲ. ನಿನ್ನ ಮುಂದೆ ನಾನು ಎಷ್ಟು ಸಣ್ಣವನಾದೆ! ಅಷ್ಟರಲ್ಲಿ ನೀನು ತಲೆ ಎತ್ತಿದೆ, ನೋಡಿದೆ, ಕುರ್ಚಿ ಹಿಂದೆ ತಳ್ಳಿ ಎದ್ದು ಬಂದೆ. ಆಫೀಸಿನ ಎಲ್ಲರಿಗೂ ಕೇಳುವ ಹಾಗೆ, "ಇದು ನಮ್ಮ ಮಾಷ್ಟ್ರು" ಎಂದೆ. ನಾನು ಚಹಾ ಕುಡಿದು, ನನ್ನ ಕೆಲಸ ಮುಗಿಸಿಕೊಂಡು, ಏನೂ ಹೇಳದೆ ಬಸ್ಸು ಹತ್ತಿದೆ.

ಅದರ ಮೇಲೆ ನೀನಾಗಿಯೇ ಕೇಳಿ, ತಿಂಗಳಿಗೊಂದು ಶನಿವಾರ ನಮ್ಮ ಹತ್ತನೆಯ ಮಕ್ಕಳಿಗೆ ಅರ್ಜಿ, ನೋಟಿಸು ಓದುವುದನ್ನು ಕಲಿಸಲು ಬರತೊಡಗಿದೆ. ಮಕ್ಕಳು ನಿನ್ನ ಸುತ್ತ ಹೇಗೆ ಸೇರುತ್ತಾರೆ! ನೀನು ಯಾರಿಗೂ ಇಂಥದ್ದಾಗು ಎಂದು ಹೇಳುವುದಿಲ್ಲ. ವೆಲ್ಡಿಂಗ್ ಕಲಿಯಬೇಕು ಎಂದ ಹುಡುಗಿಯನ್ನೂ ಡಾಕ್ಟರಾಗಬೇಕು ಎಂದ ಹುಡುಗನನ್ನೂ ಒಂದೇ ಗಂಭೀರತೆಯಿಂದ ಕೇಳಿಸಿಕೊಳ್ಳುತ್ತೀ. ಕಳೆದ ತಿಂಗಳು ಒಬ್ಬಳು, ಟೀಚರ್, ನೀವು ಮೊದಲು ಸಯನ್ಸಿಗೆ ಯಾಕೆ ಹೋದದ್ದು ಎಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ನಕ್ಕು ಹೇಳಿದೆ:

"ನಮ್ಮ ವರ್ಷ ನೋಟಿಸ್ ಬಂದದ್ದು ತಡ ಆಯ್ತು. ಸರ್ ಪಾಪ ಎಂತ ಮಾಡ್ಲಿಕ್ಕೆ ಆಗ್ತದೆ? ಅದಕ್ಕೇ ಹೇಳುದು, ನೀವೇ ಓದ್ಲಿಕ್ಕೆ ಕಲೀಬೇಕು."

ಮಕ್ಕಳು ನನ್ನ ಕಡೆ ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ನನ್ನ ಸುಳ್ಳನ್ನು ಇಷ್ಟು ವರ್ಷ ನೀನು ಹೊತ್ತು, ಅದರಿಂದ ಮಕ್ಕಳಿಗೆ ಒಂದು ಪಾಠವನ್ನೂ ಮಾಡಿ, ಅದರಲ್ಲೂ ನನ್ನನ್ನು ಕಾಪಾಡಿದ್ದೆ. ಆ ತಲೆಯಾಡಿಸಿದ್ದೇ ನನ್ನ ಮೂರನೆಯ ಸುಳ್ಳು.

ಬರುವ ಶನಿವಾರ ನನ್ನ ವಿದಾಯ ಕೂಟ. ಹಳೆಯ ವಿದ್ಯಾರ್ಥಿಗಳ ಪರವಾಗಿ ನೀನು ಮಾತಾಡುತ್ತೀ ಎಂದು ಹೆಡ್ ಟೀಚರ್ ಖುಷಿಯಿಂದ ಹೇಳಿದರು. ನಿನ್ನೆ ನೀನು ಫೋನ್ ಮಾಡಿ, "ಸರ್, ನಿಮ್ಮ ಬೋರ್ಡಿನ ವಿಷಯವೇ ಹೇಳ್ಬೇಕು ಅಂತ ಬರ್ದುಕೊಂಡಿದ್ದೇನೆ" ಎಂದೆ. ನಾನು ಸಿಗ್ನಲ್ ಇಲ್ಲ ಎಂದು ಫೋನ್ ಇಟ್ಟೆ — ನೋಡು, ಮತ್ತೆ. ನೀನು ಊರಿನವರ ಎದುರು ನಿಂತು ಸುಳ್ಳೊಂದನ್ನು ಗೊತ್ತಿಲ್ಲದೆ ಹೊಗಳುವುದು, ನಾನು ಶಾಲು ಹೊದ್ದು ಅದನ್ನು ಕೇಳುತ್ತ ಕೂರುವುದು — ಅದು ಆಗಬಾರದು. ಡಿವಿಷನಿನ ಚಿಂತೆ, ಕನ್ನಡದ ಮೇಲಿನ ಅಭಿಮಾನ, ಎಲ್ಲ ಇತ್ತು. ಅವು ಯಾವುವೂ ನೀನು ತೀರಿಸಬೇಕಾದ ಸಾಲವಾಗಿರಲಿಲ್ಲ. ನೀನು ಕೇಳಿದ್ದು ಒಂದು ಪ್ರಶ್ನೆ, ನನ್ನ ಹತ್ತಿರ ಅದರ ನಿಜವಾದ ಉತ್ತರ ಇತ್ತು, ನಾನು ಕೊಡಲಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಟು ವಿದ್ಯಾನಗರದಲ್ಲಿ ಇಳಿದು, ನಿನ್ನ ಆಫೀಸಿಗೆ ಬಂದು ಕೈಯಲ್ಲೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಹೊರಗಿನ ಬೆಂಚಿನಲ್ಲಿ, ನಿನಗೆ ಕಾಣುವ ಹಾಗೆ ಕೂತಿರುತ್ತೇನೆ. ಹೋಗಿ ಎಂದರೆ ಹೋಗುತ್ತೇನೆ. ಶನಿವಾರ ನೀನು ಬರಬೇಕೋ ಬೇಡವೋ, ಬಂದರೆ ಏನು ಹೇಳಬೇಕೋ, ಆ ಬಗ್ಗೆ ನಾನು ನಿನಗೆ ಯಾವ ಸಲಹೆಯನ್ನೂ ಕೊಡುವುದಿಲ್ಲ. ನೀನು ಬಾರದಿದ್ದರೆ, ನನ್ನ ಮಾತಿನ ಸರದಿ ಬಂದಾಗ ಇದನ್ನೇ ಆ ಮಕ್ಕಳ ಎದುರು ಓದುತ್ತೇನೆ. ಬಂದರೂ ಓದುತ್ತೇನೆ.

ಸುಂದರಿಯಕ್ಕನಿಗೆ ಇದನ್ನು ಹೇಳುವ ಭಾರ ನಿನಗೆ ಬೇಡ. ನೀನು ‘ಬನ್ನಿ’ ಎಂದರೆ ನಾನೇ ಮನೆಗೆ ಬಂದು ಹೇಳುತ್ತೇನೆ. ಐತ್ತಪ್ಪಣ್ಣ ಕೋರೆಯಿಂದ ಬಂದು ನನ್ನ ಎದುರು ನಿಂತಿದ್ದ ದಿನವೇ ಅದನ್ನು ಹೇಳಬೇಕಾಗಿತ್ತು.